1967ರದ್ದೋ, 1969ರದ್ದೋ? ಹಳೇ ಮಸಲ್ ಕಾರಿಗೆ ಬಂಪರ್ ಆರಿಸುವ ಮುನ್ನ

"ಕಮಾರೊ ಮುಂದಿನ ಬಂಪರ್, 1967ರಿಂದ 1969ರವರೆಗಿನ ಎಲ್ಲಾ ಗಾಡಿಗೂ ಆಗುತ್ತದೆ, ಒಳ್ಳೇ ಕಂಡಿಷನ್." ಮಾರಾಟದ ಜಾಹೀರಾತಿನಲ್ಲಿ ಇಂಥ ಸಾಲು ಕಂಡರೆ ನಾನು ಮುಂದೆ ಓದುವುದೇ ಇಲ್ಲ. ಕಮಾರೊ ಅಂದರೆ ಅಮೆರಿಕದ ಶೆವ್ರೊಲೆ ಕಂಪನಿಯ ಮಸಲ್ ಕಾರು, ಜೋರು ಇಂಜಿನ್ನಿನ ವೇಗದ ಗಾಡಿ. ಮೂರೂ ವರ್ಷಕ್ಕೆ ಆಗುವ ಬಂಪರನ್ನು ಶೆವ್ರೊಲೆ ಮಾಡಲೇ ಇಲ್ಲ. 1967 ಮತ್ತು 1968ರದ್ದು ಒಂದೇ. 1969ರದ್ದು ಬೇರೆ. ಮಾರುವವನಿಗೆ ತನ್ನ ಕೈಯಲ್ಲಿರುವುದು ಏನು ಅಂತ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಹೇಳುತ್ತಿಲ್ಲ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಮಿಶಿಗನ್‌ಗೆ ಬಂದು ಕೆಲವು ವರ್ಷವಾದ ಮೇಲೆ ಒಂದು 1968ರ ಕಮಾರೊ ಕೊಂಡೆ. ಗಾಡಿ ಓಡುತ್ತಿತ್ತು. ಹಿಂದಿನ ಬಂಪರ್ ಮಾತ್ರ ಯಾರೋ ಗುದ್ದಿ ನಡುವೆ ಒಳಕ್ಕೆ ಹೋಗಿತ್ತು. ಹಳೇ ಸಾಮಾನಿನ ಸಂತೆಯಲ್ಲಿ ಮಿರಮಿರ ಮಿಂಚುವ ಒಂದು ಬಂಪರ್ ಸಿಕ್ಕಿತು. ಮನೆಗೆ ತಂದು ಹಿಡಿದು ನೋಡಿದರೆ ತುದಿಗಳು ಬಾಡಿಯ ಅಂಚಿಗೆ ಹೊಂದುತ್ತಿಲ್ಲ, ತೂತುಗಳು ಬ್ರಾಕೆಟ್ ಎದುರಿಗೆ ಬರುತ್ತಿಲ್ಲ. ಅದು 1969ರದ್ದು. ಈಗಲೂ ನನ್ನ ಗ್ಯಾರೇಜಿನ ಗೋಡೆ ಮೇಲೆ ಅಲಂಕಾರಕ್ಕೆ ನೇತಾಡುತ್ತಿದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಬಾಸಡರ್ ಸಾಮಾನು ಹುಡುಕಿದವರಿಗೆ ಈ ತಲೆನೋವು ಅಷ್ಟಾಗಿ ಅರ್ಥವಾಗಲಿಕ್ಕಿಲ್ಲ. ಅಂಬಾಸಡರ್ ದಶಕಗಟ್ಟಲೆ ಹೆಚ್ಚುಕಡಿಮೆ ಅದೇ ಮೈಕಟ್ಟಿನಲ್ಲಿ ಬಂತು. 1960ರ ದಶಕದ ಡೆಟ್ರಾಯಿಟ್‌ನಲ್ಲಿ ಕಥೆ ಉಲ್ಟಾ. ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಮಾಡೆಲ್ ಬರಬೇಕು, ಅಕ್ಕಪಕ್ಕದ ಮನೆಯವರಿಗೆ ಅದು ಹೊಸದು ಅಂತ ದೂರದಿಂದಲೇ ಗೊತ್ತಾಗಬೇಕು. ಇಂಜಿನ್ ಬದಲಾಯಿಸುವುದು ದುಬಾರಿ. ಗ್ರಿಲ್, ದೀಪ, ಬಂಪರ್ ಬದಲಾಯಿಸುವುದು ಅದಕ್ಕಿಂತ ಸುಲಭ. ಹಾಗಾಗಿ ಕೆಲವು ಬಂಪರ್‌ಗಳು ಒಂದೇ ವರ್ಷ ಬಾಳಿದವು, ಕೆಲವು ಎರಡು, ಕೆಲವು ಮೂರು. ಹೊರಗಿನಿಂದ ನೋಡಿದರೆ ಎಲ್ಲವೂ ಬಾಗಿಸಿದ ಕ್ರೋಮ್ ಪಟ್ಟಿಗಳೇ.

ಅದಕ್ಕೇ ನಾನು ಬಂಪರನ್ನು ನೋಡಿ ಬಂಪರ್ ಗುರುತಿಸುವ ಕೆಲಸ ಬಿಟ್ಟಿದ್ದೇನೆ. ಅದರ ಸುತ್ತ ಏನಿದೆ ಅಂತ ನೋಡುತ್ತೇನೆ. ದೀಪ ಎಲ್ಲಿದೆ? ಕೆಳಗಿನ ತಗಡಿನಲ್ಲಿ ತೂತು ಇದೆಯಾ? ಬೋಲ್ಟಿನ ತಲೆ ಹೊರಗೆ ಕಾಣುತ್ತದಾ? ಬಂಪರ್ ಅನ್ನುವುದು ಒಂಟಿ ತುಂಡಲ್ಲ. ಬ್ರಾಕೆಟ್, ಕೆಳಗಿನ ವ್ಯಾಲೆನ್ಸ್ ಅನ್ನುವ ತಗಡು, ಪಾರ್ಕಿಂಗ್ ದೀಪ, ಬಂಪರ್ ಮೇಲೆ ಪೆಟ್ಟು ತಡೆಯಲು ನಿಲ್ಲಿಸುವ ಗಾರ್ಡ್, ಎಲ್ಲಾ ಸೇರಿದ ಸೆಟ್ಟು ಅದು.

ಮೊದಲು ನಿಮ್ಮ ಗಾಡಿ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ

ಆರ್‌ಸಿಯಲ್ಲಿ ಬರೆದ ವರ್ಷವನ್ನು ನಂಬಬೇಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಎರಡನೇ ತಲೆಮಾರಿನ ಕಮಾರೊ ತಡವಾಗಿ, 1970ರ ಫೆಬ್ರವರಿಯಲ್ಲಿ ಬಂತು. ಅಲ್ಲಿಯವರೆಗೆ ಶೋರೂಮುಗಳಲ್ಲಿ 1969ರ ಮಾಡೆಲನ್ನೇ ಮಾರುತ್ತಿದ್ದರು. ಅವುಗಳಲ್ಲಿ ಕೆಲವು 1970 ಅಂತಲೇ ನೋಂದಣಿಯಾಗಿವೆ. ಕಾಗದ ನೋಡಿ 1970ರ ಬಂಪರ್ ತರಿಸಿದಿರೋ, ಮುಗೀತು. ಅದು ಬೇರೆಯದೇ ಕಾರಿನದ್ದು.

ಚಾಸಿ ನಂಬರ್ ಓದಿ. ಆಗಿನ ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್ ಗಾಡಿಗಳಲ್ಲಿ ಆರನೇ ಅಕ್ಷರ ಮಾಡೆಲ್ ವರ್ಷವನ್ನು ಹೇಳುತ್ತದೆ. 124379 ಅಂತ ಶುರುವಾದರೆ ಶೆವ್ರೊಲೆ, ವಿ8 ಕಮಾರೊ, ಎರಡು ಬಾಗಿಲಿನ ಕೂಪೆ, 1969. ಫೋರ್ಡ್‌ನಲ್ಲಿ ಮೊದಲ ಅಂಕಿಯೇ ವರ್ಷ.

ಆದರೆ ಚಾಸಿ ನಂಬರ್ ಎಲ್ಲವನ್ನೂ ಹೇಳುವುದಿಲ್ಲ. ಶೆವ್ರೊಲೆಯದೇ ಇನ್ನೊಂದು ಕಾರು ಶೆವೆಲ್. ಅದರ ಎಸ್‌ಎಸ್ (ಸೂಪರ್ ಸ್ಪೋರ್ಟ್) 396 ಗಾಡಿಗೆ 1966ರಿಂದ 1968ರವರೆಗೆ 138 ಅನ್ನುವ ಸ್ವಂತ ಸರಣಿ ಸಂಖ್ಯೆ ಇತ್ತು. 1969ರಿಂದ ಎಸ್‌ಎಸ್ ಬರೀ ಆಪ್ಷನ್ ಆಯಿತು, ನಂಬರಿನಿಂದ ಕಂಡುಹಿಡಿಯಲು ಆಗುವುದಿಲ್ಲ. ಕಮಾರೊದ ಮುಖ ಬದಲಿಸುವ ಆರ್‌ಎಸ್ (ರ‍್ಯಾಲಿ ಸ್ಪೋರ್ಟ್) ಪ್ಯಾಕೇಜೂ ಹಾಗೆಯೇ. ಅಂಥ ಕಡೆ ಬೇರೆ ಸಾಕ್ಷಿ ಬೇಕು. ಫೋರ್ಡ್ ಇದ್ದವರು ಪುಣ್ಯವಂತರು. 1967ರಿಂದ ಈಚಿನ ಗಾಡಿ ಫ್ಯಾಕ್ಟರಿಯಿಂದ ಏನೇನು ಹಾಕಿಕೊಂಡು ಹೊರಬಂತು ಅನ್ನುವ ವಿವರ ಮಾರ್ಟಿ ರಿಪೋರ್ಟ್‌ನಲ್ಲಿ ಸಿಗುತ್ತದೆ. ಪಾಂಟಿಯಾಕ್‌ಗೆ ಅಂಥದ್ದೇ ದಾಖಲೆ ಕೊಡುವ ಪಿಎಚ್‌ಎಸ್ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್) ಇದೆ. ಕ್ರೈಸ್ಲರ್ ಗಾಡಿಗಳಲ್ಲಿ ಫೆಂಡರ್ ಟ್ಯಾಗ್ ಇರುತ್ತದೆ, ಅಂದರೆ ಮುಂದಿನ ಚಕ್ರದ ಮೇಲಿನ ತಗಡಿಗೆ (ಫೆಂಡರಿಗೆ) ಹೊಡೆದ, ಆಪ್ಷನ್ ಕೋಡ್‌ಗಳಿರುವ ಚಿಕ್ಕ ಪಟ್ಟಿ. ಅದೃಷ್ಟ ಇದ್ದರೆ ಸೀಟಿನ ಸ್ಪ್ರಿಂಗ್ ನಡುವೆ ಗಾಡಿಗೆ ಏನೇನು ಹಾಕಬೇಕು ಅಂತ ಬರೆದ ಫ್ಯಾಕ್ಟರಿಯ ಬ್ರಾಡ್‌ಕಾಸ್ಟ್ ಶೀಟೂ ಸಿಕ್ಕೀತು. ಶೆವ್ರೊಲೆಯವರಿಗೆ ಇಷ್ಟು ಸುಖವಿಲ್ಲ. ಫೈರ್‌ವಾಲ್ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಮೇಲಿನ ತಗಡಿನ ಟ್ಯಾಗು, ಹಳೇ ಬಿಲ್ಲು, ಗಾಡಿಯ ಮೈಮೇಲಿನ ಗುರುತು, ಇಷ್ಟರಲ್ಲೇ ಪತ್ತೇದಾರಿಕೆ ಮಾಡಬೇಕು.

ಕಮಾರೊ: ಬಂಪರ್ ಅದೇ, ಕೆಳಗಿನ ತಗಡು ಬೇರೆ

1967 ಮತ್ತು 1968ಕ್ಕೆ ಮುಂದಿನ ಬಂಪರ್ ಒಂದೇ, ಹಿಂದಿನದೂ ಒಂದೇ. ಹಾಗಾದರೆ ತೊಂದರೆ ಏನು? ತೊಂದರೆ ಬಂಪರಿನ ಕೆಳಗಿದೆ.

ಸಾದಾ ಕಮಾರೊದಲ್ಲಿ ಪಾರ್ಕಿಂಗ್ ದೀಪ ಗ್ರಿಲ್ ಒಳಗೇ ಇತ್ತು. 1967ರಲ್ಲಿ ದುಂಡಗೆ, 1968ರಲ್ಲಿ ಆಯತಾಕಾರ. ಆರ್‌ಎಸ್‌ನಲ್ಲಿ ಹೆಡ್‌ಲೈಟುಗಳು ಬಾಗಿಲಿನ ಹಿಂದೆ ಅಡಗಿದವು, ಗ್ರಿಲ್ ಪೂರ್ತಿ ಕಪ್ಪಾಯಿತು. ಪಾರ್ಕಿಂಗ್ ದೀಪಗಳು ಅಲ್ಲಿಂದ ಇಳಿದು ಬಂಪರಿನ ಕೆಳಗಿನ ವ್ಯಾಲೆನ್ಸ್‌ಗೆ ಬಂದವು. ಹಿಂದೆಯೂ ಅದೇ ಆಟ. ಸಾದಾ ಗಾಡಿಯಲ್ಲಿ ರಿವರ್ಸ್ ದೀಪ ಟೈಲ್‌ಲೈಟಿನ ಜೊತೆಗೇ ಇದೆ. ಆರ್‌ಎಸ್‌ನಲ್ಲಿ ಹಿಂದಿನ ಬಂಪರಿನ ಕೆಳಗಿದೆ. ಹಾಗಾಗಿ "ಬಂಪರ್ ಮತ್ತು ವ್ಯಾಲೆನ್ಸ್ ಸೆಟ್" ಅಂತ ಕೊಳ್ಳುವಾಗ ಬಂಪರ್ ಸರಿಯಿದ್ದು ತಗಡು ತಪ್ಪಾಗುವುದು ತೀರಾ ಸಾಮಾನ್ಯ. ಸಾದಾ ಗಾಡಿಗೆ ಆರ್‌ಎಸ್ ತಗಡು ಹಾಕಿದರೆ ಮುಂದೆ ಎರಡು ಖಾಲಿ ಕಣ್ಣು ಉಳಿಯುತ್ತವೆ. ಆರ್‌ಎಸ್‌ಗೆ ಸಾದಾ ತಗಡು ಹಾಕಿದರೆ ದೀಪ ಕೂರಿಸಲು ಜಾಗವೇ ಇಲ್ಲ.

ಎದುರಿಗಿರುವ ಗಾಡಿ 1967ರದ್ದೋ 1968ರದ್ದೋ ಅಂತ ಹೇಳಲು ಬಗ್ಗಬೇಕಾಗಿಲ್ಲ. ಮುಂಬಾಗಿಲ ಗಾಜಿನ ಮುಂದೆ ಚಿಕ್ಕ ತ್ರಿಕೋನದ ಕಿಟಕಿ ಇದ್ದರೆ 1967. ಅದು ಇಲ್ಲದೆ ಫೆಂಡರಿನ ಪಕ್ಕದಲ್ಲಿ ಚಿಕ್ಕ ದೀಪವಿದ್ದರೆ 1968. 1968ರ ಜನವರಿಯಿಂದ ಅಮೆರಿಕದಲ್ಲಿ ಪಕ್ಕದ ದೀಪ ಕಡ್ಡಾಯವಾಯಿತು. ಪಕ್ಕದ ದೀಪದ ಉಪಾಯ ಫೋರ್ಡ್‌ನ ಮಸ್ಟಾಂಗ್‌ಗೂ ನಡೆಯುತ್ತದೆ, ತ್ರಿಕೋನದ ಕಿಟಕಿಯದ್ದು ನಡೆಯುವುದಿಲ್ಲ.

1969ರ ಕಮಾರೊ ಹೊರಮೈ ಹೊಸದು. ಅಗಲ ಜಾಸ್ತಿ, ಗ್ರಿಲ್ ನಡುವೆ ವಿ ಆಕಾರದಲ್ಲಿ ಚೂಪು. ಬಂಪರ್ ಎರಡೂ ಅದರವೇ. ಇಲ್ಲಿ ಇನ್ನೊಂದು ಎಚ್ಚರ ಬೇಕು. 1969ರಲ್ಲಿ ಸಾದಾ ಗಾಡಿಯ ಪಾರ್ಕಿಂಗ್ ದೀಪವೂ ಬಂಪರಿನ ಕೆಳಗೆ ಬಂತು. "ದೀಪ ಕೆಳಗಿದ್ದರೆ ಆರ್‌ಎಸ್" ಅನ್ನುವ ಹಿಂದಿನ ಎರಡು ವರ್ಷದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅದೇ ವರ್ಷ ವಿಇ3 ಅನ್ನುವ ಆಪ್ಷನ್ ಇತ್ತು. ಅದರಲ್ಲಿ ಮುಂದಿನ ಬಂಪರ್ ಕ್ರೋಮ್ ಅಲ್ಲ, ಗಾಡಿಯದೇ ಬಣ್ಣ. ಕ್ರೋಮ್ ಬಂಪರಿಗೆ ಬಣ್ಣ ಬಳಿದು ಅದನ್ನೇ ವಿಇ3 ಅಂತ ಮಾರುವವರಿದ್ದಾರೆ. ಹತ್ತಿರ ಹೋಗಿ ನೋಡಿ. ಬೋಲ್ಟಿನ ತಲೆಗಳು ಬಣ್ಣದಡಿಯಲ್ಲಿ ಉಬ್ಬಿ ಕಂಡರೆ ಅದು ಬಳಿದ ಕ್ರೋಮ್.

ಗಾರ್ಡ್‌ಗಳಿಗೂ ಕೋಡ್ ಇದೆ: ಮುಂದಿನದು ವಿ31, ಹಿಂದಿನದು ವಿ32. ನಿಮ್ಮ ಗಾಡಿಗೆ ಗಾರ್ಡ್ ಇದ್ದಿತ್ತೋ ಇಲ್ಲವೋ ಮೊದಲು ತಿಳಿದುಕೊಳ್ಳಿ. ಆಮೇಲೆ ಕೊಳ್ಳುವ ಬಂಪರಿನ ತೂತುಗಳನ್ನು ಬೆರಳಿಟ್ಟು ಎಣಿಸಿ. ಕ್ರೋಮ್ ಆದ ಮೇಲೆ ಬೇಡದ ತೂತು ಮುಚ್ಚಲು ಬರುವುದಿಲ್ಲ. ಬೇಕಾದ ತೂತು ಕೊರೆದರೆ ತುಕ್ಕು ಅಲ್ಲಿಂದಲೇ ಶುರು.

1970ರಿಂದ 1973ರ ಕಮಾರೊ ನೋಡಲು ಬಲು ಚೆಂದ, ಮೋಸವೂ ಅಲ್ಲೇ ಜಾಸ್ತಿ. ಸಾದಾ ಗಾಡಿಗೆ ಮುಂದೆ ಇಡೀ ಅಗಲಕ್ಕೆ ಒಂದೇ ಬಂಪರ್. ಆರ್‌ಎಸ್‌ಗೆ ನಡುವೆ ಬಂಪರೇ ಇಲ್ಲ. ಗ್ರಿಲ್ಲಿನ ಎರಡೂ ಕಡೆ ಎರಡು ಚಿಕ್ಕ ತುಂಡು, ನಡುವೆ ಗಾಡಿಯ ಬಣ್ಣದ ಮೂಗು. ಈ ಮೂಗಿಗೆ ಮನಸೋತು ಸಾದಾ ಗಾಡಿಯನ್ನು ಆರ್‌ಎಸ್ ಮಾಡುವವರು ತುಂಬಾ ಜನ. ಮಾಡಿ, ತಪ್ಪೇನಿಲ್ಲ. ಆದರೆ ಎರಡು ಚಿಕ್ಕ ಬಂಪರ್ ತಂದರೆ ಆಯಿತು ಅಂದುಕೊಳ್ಳಬೇಡಿ. ಹೆಡರ್ ಪ್ಯಾನೆಲ್, ಗ್ರಿಲ್, ಬ್ರಾಕೆಟ್, ಹೆಡ್‌ಲೈಟ್ ಪಕ್ಕದ ದುಂಡು ಪಾರ್ಕಿಂಗ್ ದೀಪ, ದೀಪದ ತೂತಿಲ್ಲದ ವ್ಯಾಲೆನ್ಸ್, ಇಷ್ಟೂ ಬೇಕು. ಲೆಕ್ಕ ಹಾಕಿದರೆ ಬಂಪರಿನ ಬೆಲೆ ಅದರಲ್ಲಿ ಚಿಲ್ಲರೆ.

ಶೆವೆಲ್: ದೀಪವೇ ಗುರುತಿನ ಚೀಟಿ

ಶೆವೆಲ್ ನನಗೆ ಇಷ್ಟವಾಗುವುದು ಇದಕ್ಕೇ. ಅಲ್ಲಿ ಬಂಪರ್ ತಾನೇ ತನ್ನ ವರ್ಷ ಹೇಳುತ್ತದೆ. 1970ರ ಮುಂದಿನ ಬಂಪರಿನಲ್ಲಿ ಪಾರ್ಕಿಂಗ್ ದೀಪಕ್ಕೆ ಕಿಂಡಿ ಇದೆ. 1971 ಮತ್ತು 1972ರಲ್ಲಿ ದೀಪ ಬಂಪರ್ ಬಿಟ್ಟು ಫೆಂಡರಿನ ಮೂಲೆಗೆ ಹೋಯಿತು. ಈ ಎರಡು ವರ್ಷಕ್ಕೆ ಬಂಪರ್ ಒಂದೇ. ಮೂಲೆಯ ದೀಪ ಎರಡು ಭಾಗವಾಗಿ ಕಂಡರೆ 1971, ಒಂದೇ ತುಂಡಾಗಿದ್ದರೆ 1972. ಬಂಪರ್ ಕೊಳ್ಳಲು ಆ ವ್ಯತ್ಯಾಸ ಮುಖ್ಯವಲ್ಲ.

ಹಿಂದೆ ಇನ್ನೂ ಸುಲಭ. 1970ರಲ್ಲಿ ಬಂಪರಿನೊಳಗೆ ಆಯತಾಕಾರದ ಟೈಲ್‌ಲೈಟು. 1971 ಮತ್ತು 1972ರಲ್ಲಿ ಒಂದೊಂದು ಕಡೆ ಎರಡೆರಡು ದುಂಡು ದೀಪ. ಕತ್ತಲಲ್ಲಿ ಕೈಯಾಡಿಸಿಯೂ ಹೇಳಬಹುದು. 1968 ಮತ್ತು 1969ಕ್ಕೆ ಪ್ರತಿ ವರ್ಷ ಬೇರೆ ಬೇರೆ ಮುಂದಿನ ಬಂಪರ್. ಅವನ್ನು ಅದಲುಬದಲು ಮಾಡುವ ಆಸೆ ಬಿಡಿ.

1970ರ ಎಸ್‌ಎಸ್ ಗಾಡಿಯ ಹಿಂದಿನ ಬಂಪರ್ ನಡುವೆ ಕಪ್ಪು ಪ್ಯಾಡ್, ಅದರ ಮೇಲೆ ಎಸ್‌ಎಸ್ ಅಕ್ಷರ ಇರುತ್ತದೆ. ಮಲಿಬು ಅನ್ನುವ ಸಾದಾ ಶೆವೆಲ್ ಗಾಡಿಯನ್ನು ಎಸ್‌ಎಸ್ ಅಂತ ವೇಷ ಹಾಕಿಸುವವರು ಮೊದಲು ಕೊಳ್ಳುವ ಸಾಮಾನುಗಳಲ್ಲಿ ಈ ಪ್ಯಾಡೂ ಒಂದು. ಪ್ಯಾಡ್ ಇದೆ ಅಂದ ಮಾತ್ರಕ್ಕೆ ಗಾಡಿ ಎಸ್‌ಎಸ್ ಅಲ್ಲ.

ಶೆವೆಲ್‌ನದೇ ಪಿಕಪ್ ರೂಪವಾದ ಎಲ್ ಕಮೀನೊ ಇದ್ದವರಿಗೆ ಒಂದು ಮಾತು. ಮುಂದೆ ಶೆವೆಲ್ ಬಂಪರ್ ಆಗುತ್ತದೆ. ಹಿಂದಿನದು ಆಗುವುದಿಲ್ಲ. ಸ್ಟೇಷನ್ ವ್ಯಾಗನ್‌ಗೂ ಹಿಂದಿನದು ಬೇರೆ. ಎಷ್ಟೋ ಕಡೆ ವ್ಯಾಗನ್ ಬಂಪರ್ "ಶೆವೆಲ್ ಬಂಪರ್" ಅನ್ನುವ ಹೆಸರಲ್ಲಿ ಅಗ್ಗಕ್ಕೆ ಸಿಗುತ್ತದೆ. ಅಗ್ಗಕ್ಕೆ ಯಾಕೆ ಸಿಗುತ್ತಿದೆ ಅಂತ ಈಗ ಗೊತ್ತಾಯಿತಲ್ವಾ?

ಮಸ್ಟಾಂಗ್: ಹೊಸಬರಿಗೆ ಇದೇ ವಾಸಿ

ಮಸ್ಟಾಂಗ್‌ನ ಲೆಕ್ಕ ಜೋಡಿ ಜೋಡಿಯಾಗಿ ಹೋಗುತ್ತದೆ. 1964ರ ಏಪ್ರಿಲ್‌ನಲ್ಲಿ ಬಂದ ಮೊದಲ ಗಾಡಿಯಿಂದ 1966ರವರೆಗೆ ಒಂದು ಗುಂಪು. 1967 ಮತ್ತು 1968 ಇನ್ನೊಂದು. 1969 ಮತ್ತು 1970 ಮತ್ತೊಂದು. 1969ರ ಗಾಡಿಗೆ ನಾಲ್ಕು ಹೆಡ್‌ಲೈಟು, 1970ಕ್ಕೆ ಎರಡೇ. ಮುಖ ಬೇರೆ ಕಂಡರೂ ಬಂಪರ್ ಅದೇ. ಮಾರುಕಟ್ಟೆಯಲ್ಲಿ ಹೊಸ ಬಂಪರ್ ಸಲೀಸಾಗಿ ಸಿಗುವುದೂ ಮಸ್ಟಾಂಗ್‌ಗೇ. ಮೊದಲ ಸಲ ಹಳೇ ಗಾಡಿ ಕೈಗೆತ್ತಿಕೊಳ್ಳುವ ಗೆಳೆಯರಿಗೆ ನಾನು ಇದನ್ನೇ ಹೇಳುವುದು.

ಗೊಂದಲ ಬರುವುದು 1971ರಿಂದ. 1971 ಮತ್ತು 1972ರ ಸಾದಾ ಮಸ್ಟಾಂಗ್‌ಗೆ ಕ್ರೋಮ್ ಬಂಪರ್. ಅದೇ ವರ್ಷಗಳ ಮ್ಯಾಕ್ 1 ಅನ್ನುವ ಸ್ಪೋರ್ಟಿ ಮಸ್ಟಾಂಗ್‌ಗೆ ಮುಂದೆ ಗಾಡಿಯ ಬಣ್ಣದ, ರಬ್ಬರಿನಂಥ ಯುರೆಥೇನ್ ಬಂಪರ್. 1973ರಲ್ಲಿ ಎಲ್ಲಾ ಮಸ್ಟಾಂಗ್‌ಗೂ ಮುಂದೆ ಯುರೆಥೇನ್. ಆದರೆ ಅದು ಮ್ಯಾಕ್ 1ರ ಹಳೇದಲ್ಲ, ಒಳಗೆ ಪೆಟ್ಟು ತಡೆಯುವ ವ್ಯವಸ್ಥೆ ಸೇರಿದ ದಪ್ಪ ಮೂಗು. ದೂರದಿಂದ ಗುರುತಿಸಲು ಇಂಡಿಕೇಟರ್ ನೋಡಿ. 1973ರಲ್ಲಿ ಅದು ಗ್ರಿಲ್ಲಿನೊಳಗೆ ಲಂಬವಾಗಿ ನಿಂತಿದೆ. ಹಿಂದಿನ ಎರಡು ವರ್ಷ ಬಂಪರಿನ ಕೆಳಗಿತ್ತು.

ಫೋರ್ಡ್ ಬಿಡಿಭಾಗದ ನಂಬರ್ ಓದಲು ಕಲಿತರೆ ಸಂತೆಯಲ್ಲಿ ಅರ್ಧ ಕೆಲಸ ಮುಗಿದಂತೆ. ಉದಾಹರಣೆಗೆ ಸಿ5ಜೆಡ್‌ಜೆಡ್-17757. ಮೊದಲ ಅಕ್ಷರ ದಶಕ: ಸಿ ಅಂದರೆ 1960ರ ದಶಕ, ಡಿ ಅಂದರೆ 1970ರದ್ದು. ಅಂಕಿ 5 ಅಂದರೆ 1965. ಮೂರನೇ ಜಾಗದ ಅಕ್ಷರ ಯಾವ ಗಾಡಿ ಅಂತ ಹೇಳುತ್ತದೆ: ಜೆಡ್ ಮಸ್ಟಾಂಗ್, ಡಬ್ಲ್ಯು ಕೂಗರ್, ಡಿ ಫಾಲ್ಕನ್. ನಡುವಿನ 17757 ಮುಂದಿನ ಬಂಪರ್, 17906 ಹಿಂದಿನದು. ಪೆಟ್ಟಿಗೆಯ ಮೇಲೆ ಡಬ್ಲ್ಯು ಇದ್ದರೆ, ಮಾರುವವರು ಏನೇ ಆಣೆ ಪ್ರಮಾಣ ಮಾಡಲಿ, ಅದು ಕೂಗರ್ ಸಾಮಾನು. ಇನ್ನೊಂದು ವಿಷಯ. ಅಲ್ಲಿನ ವರ್ಷ ಆ ವಿನ್ಯಾಸ ಶುರುವಾದ ವರ್ಷ. 1966ರ ಗಾಡಿಯಲ್ಲಿ ಸಿ5 ಕಂಡರೆ ಗಾಬರಿ ಬೇಡ.

ಕ್ರೋಮ್ ಇಲ್ಲದ ಮೂಗುಗಳು

1968ರಲ್ಲಿ ಪಾಂಟಿಯಾಕ್ ಜಿಟಿಒಗೆ ಎಂಡುರಾ ಅನ್ನುವ ಮುಂದಿನ ಬಂಪರ್ ಬಂತು. ಉಕ್ಕಿನ ಚೌಕಟ್ಟಿನ ಮೇಲೆ ರಬ್ಬರಿನಂಥ ಯುರೆಥೇನ್, ಮೇಲೆ ಗಾಡಿಯದೇ ಬಣ್ಣ. ಟಿವಿ ಜಾಹೀರಾತಿನಲ್ಲಿ ಅದಕ್ಕೆ ಹೊಡೆದು ಏನೂ ಆಗಿಲ್ಲ ಅಂತ ತೋರಿಸಿದರು. ಆ ವರ್ಷ ಮೋಟರ್ ಟ್ರೆಂಡ್ ಪತ್ರಿಕೆ ಕೊಟ್ಟ ವರ್ಷದ ಕಾರು ಪ್ರಶಸ್ತಿ ಜಿಟಿಒಗೇ ಹೋಯಿತು.

ಅರ್ಧ ಶತಮಾನ ಬಿಸಿಲುಂಡ ಮೇಲೆ ಈಗಿನ ಸ್ಥಿತಿ ಜಾಹೀರಾತಿನ ಹಾಗಿಲ್ಲ. ಯುರೆಥೇನ್ ಬಿರುಕು ಬಿಟ್ಟಿರುತ್ತದೆ, ಅಂಚು ಪುಡಿಪುಡಿ. ಸಾದಾ ಪುಟ್ಟಿ ಮೆತ್ತಿ ಸಾದಾ ಬಣ್ಣ ಹೊಡೆದರೆ ಒಂದು ಚಳಿಗಾಲಕ್ಕೆ ಬಣ್ಣ ಚಕ್ಕೆ ಏಳುತ್ತದೆ. ಬಗ್ಗುವ ವಸ್ತುವಿಗೆ ಬಗ್ಗುವ ಪ್ರೈಮರ್, ಬಣ್ಣದಲ್ಲೂ ಬಗ್ಗುವ ಮಿಶ್ರಣ ಬೇಕು. ಹೊಸದು ಬೇಕೆಂದರೆ ಫೈಬರ್‌ಗ್ಲಾಸ್ ನಕಲಿದೆ, ಯುರೆಥೇನ್ ನಕಲಿದೆ. ಫೈಬರ್‌ಗ್ಲಾಸ್ ಹಗುರ, ಅಗ್ಗ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಆದರೆ ಪಾರ್ಕಿಂಗ್‌ನಲ್ಲಿ ಯಾರಾದರೂ ತಾಗಿಸಿದರೆ ಒಡೆಯುತ್ತದೆ. ಓಡಿಸುವ ಗಾಡಿಗೆ ನಾನಾದರೆ ಯುರೆಥೇನನ್ನೇ ಆರಿಸುತ್ತೇನೆ.

1968ರ ಜಿಟಿಒ ಕ್ರೋಮ್ ಬಂಪರ್ ಹಾಕಿಕೊಂಡಿದ್ದರೆ "ಯಾರೋ ಲೆಮ್ಯಾನ್ಸ್ (ಅದರ ಸಾದಾ ಪಾಂಟಿಯಾಕ್ ಅಣ್ಣ) ಮುಂಭಾಗ ತಂದು ಕೂರಿಸಿದ್ದಾರೆ" ಅಂತ ತೀರ್ಪು ಕೊಡಲು ಆತುರ ಬೇಡ. ಎಂಡುರಾ ಬೇಡ ಅಂದವರಿಗೆ ಫ್ಯಾಕ್ಟರಿಯೇ ಲೆಮ್ಯಾನ್ಸ್‌ನ ಕ್ರೋಮ್ ಬಂಪರ್ ಹಾಕಿ ಕೊಟ್ಟಿತ್ತು. ಪಿಎಚ್‌ಎಸ್ ಕಾಗದ ತರಿಸಿದರೆ ಗೊತ್ತಾಗುತ್ತದೆ.

ಕ್ರೈಸ್ಲರ್‌ನ ಪ್ಲಿಮತ್ ಬಾರಾಕುಡಾ ಕಡೆಗೆ ಬರೋಣ. ಅದರ ಹೆಚ್ಚು ಜೋರಿನ ಮಾಡೆಲ್‌ಗೆ 'ಕುಡಾ' ಅಂತ ಹೆಸರು. ಮನೆಯಲ್ಲಿ "ಅದು ಕೂಡ ಬೇಕು" ಅಂದರೆ ಹೆಂಡತಿಗೆ ಎರಡು ಅರ್ಥ ಕೇಳಿಸುತ್ತದೆ. 1970 ಮತ್ತು 1971ರಲ್ಲಿ ಎ21 ಕೋಡ್ ಇದ್ದರೆ ಮುಂದಿನ ಬಂಪರ್ ಗಾಡಿಯ ಬಣ್ಣದ್ದು. ಎ22 ಇದ್ದರೆ ಹಿಂದಿನದೂ ಸೇರಿ. ಇವು ಬಣ್ಣ ಬಳಿದ ಕ್ರೋಮ್ ಅಲ್ಲ, ಉಕ್ಕಿನ ಮೇಲೆ ಅಚ್ಚು ಹಾಕಿದ ಯುರೆಥೇನ್. ಬೆರಳಿನಿಂದ ತಟ್ಟಿದರೆ ಸದ್ದು ಮಂದ. ಕ್ರೋಮ್ ಮೇಲೆ ಬಳಿದ ಬಣ್ಣವಾದರೆ ತಗಡಿನ ಸದ್ದು ಬರುತ್ತದೆ. ಫೆಂಡರ್ ಟ್ಯಾಗಿನಲ್ಲಿ ಕೋಡ್ ಹುಡುಕಿ. ಎಂ85 ಕಂಡರೆ ಮುಂದೆ ಹಿಂದೆ ಗಾರ್ಡ್ ಇತ್ತು ಅಂತ ಅರ್ಥ.

ಉಳಿದವನ್ನು ಬೇಗ ಮುಗಿಸುತ್ತೇನೆ. ಡಾಜ್ ಚಾರ್ಜರ್ 1969ರಲ್ಲಿ ಗ್ರಿಲ್ಲಿನ ಕೆಳಗೆ ಬಂಪರ್, 1970ರಲ್ಲಿ ಗ್ರಿಲ್ಲಿನ ಸುತ್ತ ಬಳೆಯ ಹಾಗೆ ಬಂಪರ್. ಆ ಬಳೆ ನೇರ ಮಾಡುವುದೂ ಕಷ್ಟ, ಕ್ರೋಮ್ ಹಾಕಿಸುವುದೂ ದುಬಾರಿ. 1970ರ ಚಾರ್ಜರ್ ಕೊಳ್ಳುವುದಿದ್ದರೆ ಇಂಜಿನ್‌ಗಿಂತ ಮುಂಚೆ ಅದನ್ನು ನೋಡಿ. 1970ರ ಓಲ್ಡ್ಸ್‌ಮೊಬೈಲ್ 442ರಲ್ಲಿ ಹಿಂದಿನ ಬಂಪರಿನ ಕೆಳ ಅಂಚಿನಲ್ಲಿ ಸೈಲೆನ್ಸರ್ ತುದಿಗೆ ಕತ್ತರಿಸಿದ ಜಾಗ ಇರುತ್ತದೆ. ಅದೇ ಕಂಪನಿಯ ಸಾದಾ ಗಾಡಿ ಕಟ್ಲಾಸ್‌ನ ಬಂಪರನ್ನು ಗ್ರೈಂಡರಿನಲ್ಲಿ ಕತ್ತರಿಸಿ 442 ಅಂತ ಮಾರಿದ್ದನ್ನು ನೋಡಿದ್ದೇನೆ. ಫ್ಯಾಕ್ಟರಿ ಅಂಚು ಒಳಕ್ಕೆ ಮಡಿಸಿದ್ದು, ನಯವಾಗಿರುತ್ತದೆ. ಗ್ರೈಂಡರಿನ ಅಂಚು ಬೆರಳು ಕೊಯ್ಯುತ್ತದೆ.

1973ರ ಗೆರೆ

1973ರ ಮಾಡೆಲ್‌ನಿಂದ ಅಮೆರಿಕ ಸರ್ಕಾರದ ಹೊಸ ನಿಯಮ ಬಂತು. ಮುಂದಿನ ಬಂಪರ್ ಗಂಟೆಗೆ 5 ಮೈಲಿ, ಅಂದರೆ ಸುಮಾರು 8 ಕಿ.ಮೀ. ವೇಗದ ಡಿಕ್ಕಿ ತಡೆಯಬೇಕು, ಹಿಂದಿನದು ಎರಡೂವರೆ ಮೈಲಿ ವೇಗದ್ದು. 1974ರಿಂದ ಹಿಂದೆಯೂ 5 ಮೈಲಿ. ಇದಾದ ಮೇಲೆ ಬಂಪರಿಗಿಂತ ಅದರ ಹಿಂದಿನ ಕಬ್ಬಿಣ ಮುಖ್ಯವಾಯಿತು. 1973ರ ಕಮಾರೊ ಬಂಪರ್ ಹೊರಗಿನಿಂದ ಹಿಂದಿನ ವರ್ಷದ ಹಾಗೇ ಕಂಡರೂ ಬ್ರಾಕೆಟ್ ಗಟ್ಟಿಯಾಯಿತು. 1974ರಲ್ಲಿ ಅಲ್ಯೂಮಿನಿಯಂ ಬಂಪರ್ ಬಂತು. ಅಯಸ್ಕಾಂತ ಅಂಟದಿದ್ದರೆ ಅದೇ. ಬಾರಾಕುಡಾ ಮತ್ತು ಚಾಲೆಂಜರ್ 1973ರಿಂದ ದಪ್ಪ ರಬ್ಬರ್ ಗಾರ್ಡ್ ಹಾಕಿಕೊಂಡವು.

1973ರ ಗಾಡಿಗೆ 1972ರ ತೆಳ್ಳನೆಯ ಬಂಪರ್ ಹಾಕುವವರು ಜಾಸ್ತಿ, ನೋಡಲು ಹಗುರಾಗಿ ಕಾಣುತ್ತದೆ ಅಂತ. ಹಾಗೆ ಮಾಡುವುದಾದರೆ ಬ್ರಾಕೆಟ್ ಸಮೇತ ಕೊಳ್ಳಿ. ಬಿಚ್ಚಿದ ಹಳೇ ಸೆಟ್ಟು ಎಸೆಯಬೇಡಿ. ಮುಂದೆ ಗಾಡಿ ಕೊಳ್ಳುವವರು ಅದನ್ನೇ ಕೇಳುತ್ತಾರೆ.

ಹಳೇದಕ್ಕೆ ಕ್ರೋಮಾ, ಹೊಸ ನಕಲಾ, ಪೆಟ್ಟಿಗೆಯಲ್ಲೇ ಉಳಿದದ್ದಾ?

ಯಾವ ಬಂಪರ್ ಬೇಕು ಅಂತ ಗೊತ್ತಾಯಿತು. ಈಗ ಎಲ್ಲಿಂದ ತರುವುದು ಅನ್ನುವ ಪ್ರಶ್ನೆ.

ಈಗ ಹೊಸದಾಗಿ ತಯಾರಾಗುವ ನಕಲುಗಳು ಅಗ್ಗ, ಮಸ್ಟಾಂಗ್ ಮತ್ತು ಮೊದಲ ತಲೆಮಾರಿನ ಕಮಾರೊಗಂತೂ ಧಾರಾಳ. ದಿನಾ ಓಡಿಸುವ ಗಾಡಿಗೆ ನಾನು ಇದನ್ನೇ ಹೇಳುತ್ತೇನೆ. ಬೆಳಕಿನಲ್ಲಿ ಹಿಡಿದು ಉದ್ದಕ್ಕೆ ಕಣ್ಣಾಡಿಸಿ. ಎದುರಿನ ಕಿಟಕಿಯ ಪ್ರತಿಬಿಂಬ ಅದರಲ್ಲಿ ನೇರವಾಗಿ ಹರಿಯಬೇಕು, ಹಾವಿನ ಹಾಗೆ ಬಳುಕಬಾರದು. ಎರಡೂ ತುದಿ ಒಂದೇ ಥರ ಬಾಗಿವೆಯಾ ಅಂತ ರಟ್ಟಿನಲ್ಲಿ ಒಂದು ಕಡೆಯ ಅಚ್ಚು ಕತ್ತರಿಸಿ, ಮಗುಚಿ ಇನ್ನೊಂದು ಕಡೆ ಹಿಡಿದು ನೋಡಿ. ಐದು ನಿಮಿಷದ ಕೆಲಸ.

ಮೂಲ ಬಂಪರ್ ನಿಮ್ಮ ಹತ್ತಿರವೇ ಇದ್ದು, ಸೀಳಿಲ್ಲದೆ ಬರೀ ಮಂಕಾಗಿದ್ದರೆ ಮರುಕ್ರೋಮ್ ಮಾಡಿಸಿ. ಖರ್ಚು ನಕಲಿಗಿಂತ ಜಾಸ್ತಿ, ಎಷ್ಟೋ ಸಲ ಕೆಲವು ಪಟ್ಟು ಜಾಸ್ತಿ. ಆದರೆ ಅದು ಆ ಗಾಡಿಯ ಮೈಗೆ ಆಗಲೇ ಹೊಂದಿಕೊಂಡಿದೆ. ಊರಲ್ಲಿ ಕಲಾಯಿ ಹಾಕುವವರು ಹಿತ್ತಾಳೆ ಪಾತ್ರೆಯನ್ನು ಮೊದಲು ಎಷ್ಟು ಉಜ್ಜುತ್ತಿದ್ದರು ನೆನಪಿದೆಯಾ? ಇಲ್ಲೂ ಮುಕ್ಕಾಲು ಕೆಲಸ ತೊಟ್ಟಿಗೆ ಇಳಿಸುವ ಮುಂಚೆ. ಹಳೇ ಲೇಪ ತೆಗೆಯಬೇಕು, ಬೆಂಡು ತೆಗೆಯಬೇಕು, ತುಕ್ಕಿನ ಗುಳಿ ತುಂಬಬೇಕು. ಆಮೇಲೆ ತಾಮ್ರ, ಅದನ್ನು ಉಜ್ಜಿ ನಯ ಮಾಡಿ ನಿಕಲ್, ಕೊನೆಗೆ ಕ್ರೋಮ್. ನೀಲಿ ಹೊಳಪು ಕೊಡುವ ಕ್ರೋಮ್ ಪದರ ಒಂದು ಮೈಕ್ರಾನ್‌ಗಿಂತಲೂ ತೆಳು. ತುಕ್ಕು ತಡೆಯುವುದು ಅದರ ಕೆಳಗಿನ ನಿಕಲ್. ಹಾಗಾಗಿ ಅಂಗಡಿಯಲ್ಲಿ ಹೊಳಪಿನ ಬಗ್ಗೆ ಕೇಳಬೇಡಿ, ತಾಮ್ರ ಹಾಕಿ ಉಜ್ಜುತ್ತೀರಾ, ನಿಕಲ್ ಎಷ್ಟು ದಪ್ಪ ಅಂತ ಕೇಳಿ. ಜಾಸ್ತಿ ಗ್ರೈಂಡ್ ಮಾಡಿದರೆ ಮೂಲದ ಚೂಪು ಗೆರೆಗಳು ಸವೆದು ಬಂಪರ್ ಸೋಪಿನ ಬಿಲ್ಲೆಯ ಹಾಗಾಗುತ್ತದೆ. ಅವರ ಹಳೇ ಕೆಲಸದ ಒಂದು ತುಂಡು ನೋಡದೆ ಕೊಡಬೇಡಿ. ಕೊಡುವ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಹಿಂಬದಿಯಲ್ಲಿ ನಿಮ್ಮದೊಂದು ಗುರುತು ಹಾಕಿ. ನನ್ನದೊಂದು ಬಂಪರ್ ಹೋಗಿ ಬೇರೆ ಯಾರದ್ದೋ ವಾಪಸ್ ಬಂದಿತ್ತು.

ಆ ಕಾಲದಲ್ಲೇ ಕಂಪನಿ ತಯಾರಿಸಿ, ಮಾರಾಟವಾಗದೆ ಪೆಟ್ಟಿಗೆಯಲ್ಲೇ ಉಳಿದ ಸಾಮಾನಿಗೆ ಎನ್‌ಒಎಸ್ ಅನ್ನುತ್ತಾರೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಸ್ಪರ್ಧೆಗೆ ನಿಲ್ಲಿಸುವ ಗಾಡಿಗೆ ಸರಿ. ಮಳೆಗೆ ತೆಗೆಯುವ ಗಾಡಿಗೆ ಅದನ್ನು ಹಾಕುವುದು ರೇಷ್ಮೆ ಸೀರೆ ಉಟ್ಟು ಗದ್ದೆಗೆ ಇಳಿದ ಹಾಗೆ. ಪೆಟ್ಟಿಗೆ ಹಳೇದಿದ್ದು ಒಳಗೆ ನಕಲಿರುವ ಕೇಸುಗಳೂ ಇವೆ. ಸಾಮಾನಿನ ಮೇಲಿನ ಗುರುತು ನೋಡಿ, ಪೆಟ್ಟಿಗೆಯದಲ್ಲ.

ನಾಲ್ಕನೆಯದು ಗುಜರಿ. ಒಂದೇ ವರ್ಷ ಬಂದ, ನಕಲು ಸಿಗದ ಬಂಪರಿಗೆ ಬೇರೆ ದಾರಿ ಇಲ್ಲ. ಹಿಂಬದಿ ತಿರುಗಿಸಿ ನೋಡಿ. ಬೆಸುಗೆ, ತೇಪೆ, ಅಗಲವಾದ ತೂತು, ಎಲ್ಲಾ ಅಲ್ಲೇ ಕಾಣುತ್ತದೆ. ಮುಂದಿನ ಹೊಳಪು ಸುಳ್ಳು ಹೇಳಬಹುದು, ಹಿಂಬದಿ ಹೇಳುವುದಿಲ್ಲ. ಬ್ರಾಕೆಟ್ ಸಿಕ್ಕರೆ ಯೋಚಿಸದೆ ತೆಗೆದುಕೊಳ್ಳಿ. ಹೊಸ ಬಂಪರ್ ಕೂರುತ್ತಿಲ್ಲ ಅಂತ ಬೈಯುವವರಲ್ಲಿ ಅರ್ಧ ಜನರ ಬ್ರಾಕೆಟ್ ಹಳೇ ಡಿಕ್ಕಿಯಲ್ಲಿ ಸೊಟ್ಟಗಾಗಿರುತ್ತದೆ.

ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ಡ್ರೀಮ್ ಕ್ರೂಸ್ ಅನ್ನುವ ಹಳೇ ಕಾರುಗಳ ಜಾತ್ರೆಗೆ ಹೋದರೆ ಎಲ್ಲರೂ ಬಾನೆಟ್ ಒಳಗೆ ಇಣುಕುತ್ತಾರೆ. ನಾನು ಮಂಡಿಯೂರಿ ಬಂಪರಿನ ಕೆಳಗೆ ನೋಡುತ್ತೇನೆ. ನಿಮ್ಮದೇ ವರ್ಷದ, ಬಿಚ್ಚದ ಗಾಡಿ ಒಂದು ಕಂಡರೆ ಮಾಲೀಕರನ್ನು ಕೇಳಿ ಫೋಟೊ ತೆಗೆದುಕೊಳ್ಳಿ. ವಾಷರ್ ಯಾವ ಕಡೆ, ಬೋಲ್ಟ್ ಎಷ್ಟು ಉದ್ದ, ಎಲ್ಲಾ ಅಲ್ಲಿ ಸಿಗುತ್ತದೆ.

ಕೂರಿಸುವಾಗ ಫೆಂಡರಿನ ಅಂಚಿಗೆ ದಪ್ಪ ಟೇಪ್ ಅಂಟಿಸಿ, ಜೊತೆಗೊಬ್ಬರನ್ನು ಇಟ್ಟುಕೊಳ್ಳಿ. ಮೊದಲು ಎಲ್ಲಾ ಬೋಲ್ಟನ್ನೂ ಬೆರಳಲ್ಲಿ ತಿರುಗಿಸುವಷ್ಟೇ ಬಿಗಿ ಮಾಡಿ. ಎರಡೂ ಕಡೆಯ ಸಂದು ಅಳೆದು, ಅಲುಗಾಡಿಸಿ ಸಮ ಮಾಡಿ, ಆಮೇಲೆ ನಡುವಿನಿಂದ ಹೊರಕ್ಕೆ ಬಿಗಿ ಮಾಡುತ್ತಾ ಹೋಗಿ. ಮರುಕ್ರೋಮ್‌ಗೆ ಕಳಿಸುವ ಬಂಪರನ್ನೂ ಕಳಿಸುವ ಮುಂಚೆ ಒಮ್ಮೆ ಹೀಗೆ ಕೂರಿಸಿ ನೋಡಿ. ಬಗ್ಗಿಸುವುದಿದ್ದರೆ ಆಗಲೇ ಬಗ್ಗಿಸಬೇಕು. ಕ್ರೋಮ್ ಆದ ಮೇಲೆ ಬಗ್ಗಿಸಿದರೆ ಲೇಪ ಸಿಡಿಯುತ್ತದೆ.